ತೊಟ್ಟಿಲ ಕೊಂಡಿಗೆ ಕಟ್ಟಿದ ಕ್ರೇಟು

ದೆವ್ವದ ಮಾತು ಎತ್ತಿದವರನ್ನು ಗೇಲಿ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ಹುಣಸೆಮರದ ಕೆಳಗೆ ಬಿಳಿ ಸೀರೆಯವಳನ್ನು ಕಂಡೆ ಅಂತ ಯಾರಾದರೂ ಬಂದರೆ, "ರೇಷ್ಮೆದೋ, ನೂಲಿಂದೋ? ಅಂಚು ಎಷ್ಟು ಅಗಲ ಇತ್ತು?" ಅಂತ ಕೇಳುತ್ತಿದ್ದೆ. ಮೊಳಕಾಲ್ಮೂರಿನಲ್ಲಿ ಸೀರೆ ನೇಯುವ ಮನೆಯ ಸೊಸೆ ನಾನು. ಇನ್ನೇನು ಕೇಳಲಿ?

ಈಗ ಕೇಳುವುದಿಲ್ಲ.

ಇದು ಯಾರಿಗೋ ಆಗಿ, ಅವರು ಇನ್ಯಾರಿಗೋ ಹೇಳಿ, ಕೊನೆಗೆ ನನ್ನ ಕಿವಿಗೆ ಬಿದ್ದ ಸಂಗತಿಯಲ್ಲ. ಆ ರಾತ್ರಿ ಹಗ್ಗದ ಒಂದು ತುದಿ ನನ್ನ ಕೈಯಲ್ಲೇ ಇತ್ತು. ಇನ್ನೊಂದು ತುದಿಯಲ್ಲಿ ಏನಿತ್ತು ಅನ್ನುವುದಷ್ಟೇ ನನಗೆ ಇವತ್ತಿಗೂ ಗೊತ್ತಿಲ್ಲ...

ಶುರುವಾದದ್ದು ಒಂದು ನಾಯಿಮರಿಯಿಂದ.

ನನ್ನ ನಾದಿನಿ ಗೌರಿ ಹೆರಿಗೆಗೆ ಅಂತ ರಾಂಪುರದ ಗಂಡನ ಮನೆಯಿಂದ ನಮ್ಮ ಮನೆಗೆ ಬಂದಿದ್ದಳು. ಆಗ ಅವಳಿಗೆ ಎಂಟು ತಿಂಗಳು. ಇದು ಎರಡನೆಯ ಬಸಿರು. ಮೊದಲನೆಯದು ದಿನ ತುಂಬುವ ಮೊದಲೇ ಹುಟ್ಟಿ, ಆಸ್ಪತ್ರೆಯಲ್ಲೇ ಒಂದು ಹಗಲು ಕಳೆಯುವುದರೊಳಗೆ ಹೋಗಿಬಿಟ್ಟಿತ್ತು. ಆ ಕೂಸು ಮನೆಯ ಹೊಸ್ತಿಲು ದಾಟಲೇ ಇಲ್ಲ. ಅದಕ್ಕೆ ಹೆಸರಿಲ್ಲ, ತೊಟ್ಟಿಲಿಲ್ಲ. ಆಮೇಲೆ ಅದರ ಮಾತನ್ನು ನಮ್ಮಲ್ಲಿ ಯಾರೂ ಎತ್ತಲಿಲ್ಲ.

ಈ ಸಲವೂ ಗೌರಿಗೆ ಬಿಪಿ ಏರುತ್ತಿತ್ತು. ಕಾಲು ಊದಿಕೊಂಡಿದ್ದವು. "ಮಾತ್ರೆ ಒಂದೇ ಸಾಲದು, ನಿದ್ದೆ ಬೇಕು. ರಾತ್ರಿ ಚೆನ್ನಾಗಿ ಮಲಗಲಿ" ಅಂತ ಡಾಕ್ಟರಮ್ಮ ಒತ್ತಿ ಹೇಳಿದ್ದರು. ಹೇಳಿದಷ್ಟು ಸುಲಭವೇ? ಕಣ್ಣು ಮುಚ್ಚಿದರೆ ಅವಳಿಗೆ ಹಿಂದಿನದ್ದೇ ನೆನಪು. ನಾವೆಲ್ಲ ಮನೆಯಲ್ಲಿ ತುದಿಗಾಲಲ್ಲಿ ಓಡಾಡುತ್ತಿದ್ದೆವು.

ಒಂದು ದಿನ ಸ್ಕ್ಯಾನಿಂಗಿಗೆ ಅಂತ ಅವಳನ್ನು ಚಳ್ಳಕೆರೆಗೆ ಕರೆದುಕೊಂಡು ಹೋಗಿದ್ದೆ. ಚಳ್ಳಕೆರೆ ನನ್ನ ತವರು. ನನ್ನ ತಮ್ಮ ಅಲ್ಲಿ ಮಾರುಕಟ್ಟೆಯಲ್ಲಿ ಟೊಮ್ಯಾಟೊ ವ್ಯಾಪಾರ ಮಾಡುತ್ತಾನೆ. ಊಟಕ್ಕೆ ಅವನ ಮನೆಗೆ ಹೋದರೆ, ಕುರಿಹಟ್ಟಿಯಿಂದ ಯಾರೋ ಕೊಟ್ಟ ಒಂದು ನಾಯಿಮರಿ ಜಗಲಿಯ ಮೇಲೆ ಉರುಳಾಡುತ್ತಿತ್ತು. ಶೇಂಗಾ ಬೀಜದ ಸಿಪ್ಪೆಯ ಬಣ್ಣ. ಗೌರಿ ಕೂತದ್ದೇ ತಡ, ಅದು ಅವಳ ಮಡಿಲು ಹತ್ತಿ ಹೊಟ್ಟೆಗೆ ತಲೆ ಆನಿಸಿ ಮಲಗಿಬಿಟ್ಟಿತು.

ಗೌರಿ ನಕ್ಕಳು. ಎಷ್ಟು ತಿಂಗಳಾಗಿತ್ತೋ ಅವಳು ಹಾಗೆ ನಕ್ಕು...

"ಅತ್ತಿಗೆ, ಇದನ್ನ ತಗೊಂಡು ಹೋಗಾನ?" ಅಂದಳು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಶೇಂಗಾ ಅಂತಲೇ ಹೆಸರಿಟ್ಟೆವು.

ನನ್ನ ತಮ್ಮ ಎರಡು ಪ್ಲಾಸ್ಟಿಕ್ ಟೊಮ್ಯಾಟೊ ಕ್ರೇಟುಗಳನ್ನು ಬಾಯಿಗೆ ಬಾಯಿ ಹೊಂದಿಸಿ, ಒಂದು ಕಡೆ ತಂತಿ ಬಿಗಿದು, ಇನ್ನೊಂದು ಕಡೆ ಚಿಲಕದ ಹಾಗೆ ಕೊಕ್ಕೆ ಹಾಕಿಕೊಟ್ಟ. ಮರಿಯ ತಾಯಿ ಮಲಗುತ್ತಿದ್ದ ಕರಿ ಕಂಬಳಿಯ ಒಂದು ತುಂಡನ್ನೂ ಕೊಟ್ಟ. ಕುರಿಯ ವಾಸನೆ, ಹಾಲಿನ ವಾಸನೆ, ನಾಯಿಯ ವಾಸನೆ ಎಲ್ಲ ಅದರಲ್ಲಿತ್ತು. "ಇದನ್ನ ಒಳಗೆ ಹಾಸಕ್ಕ, ತಾಯಿ ಹತ್ರನೇ ಐತೆ ಅಂದ್ಕೊಂಡು ಮಲಗ್ತೈತೆ" ಅಂದ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಅತ್ತೆ ಓಬಳಮ್ಮ ರಾಯದುರ್ಗದ ಕಡೆಯವರು. ಸಿಟ್ಟು ಬಂದರೆ ಮಾತಿನಲ್ಲಿ ತೆಲುಗು ಸೇರಿಕೊಳ್ಳುತ್ತದೆ.

"ವದ್ದಮ್ಮಾ, ಬ್ಯಾಡವೇ ಬ್ಯಾಡ, ಇದೊಂದು ಕಡಿಮೆ ಆಗಿತ್ತು! ರಾತ್ರಿಯೆಲ್ಲ ಕುಂಯ್ಗುಟ್ಟಿದ್ರೆ ಗೌರಿ ಮಲಗೋದು ಹೆಂಗೆ? ಒಂದು ಸಲ ಅವಳ ನಿದ್ದೆ ಕೆಡಿಸಿತು ಅಂದ್ರೆ ಬೆಳಿಗ್ಗೆ ಚಳ್ಳಕೆರೆ ಬಸ್ ಹತ್ತಿಸ್ತೀನಿ."

"ಅವ್ವಾ, ಒಂದೇ ಒಂದು ರಾತ್ರಿ ನೋಡವ್ವಾ..." ಗೌರಿ ಕೈ ಹಿಡಿದುಕೊಂಡಳು. ಅತ್ತೆ ಮುಖ ತಿರುಗಿಸಿಕೊಂಡು ಒಳಗೆ ಹೋದರು. ಅದೇ ಒಪ್ಪಿಗೆ.

ಮೊದಲ ರಾತ್ರಿ ಏನಾಯಿತು ಅಂತ ಕೇಳಬೇಡಿ. ನಮ್ಮದು ಹಳೇ ಮಾಳಿಗೆ ಮನೆ. ಮುಂದಿನ ಕೋಣೆಯಲ್ಲಿ ನಮ್ಮವರ ಮಗ್ಗ, ನಡುವೆ ಪಡಸಾಲೆ, ಪಕ್ಕದ ಸಣ್ಣ ಕೋಣೆಯಲ್ಲಿ ಗೌರಿ ಮತ್ತು ಅತ್ತೆ, ಹಿಂದೆ ಅಡುಗೆಮನೆ. ಒಂದು ಮೂಲೆಯಲ್ಲಿ ಕೆಮ್ಮಿದರೆ ಇನ್ನೊಂದು ಮೂಲೆಯವರು ಯಾಕೆ ಅಂತ ಕೇಳುತ್ತಾರೆ. ಕ್ರೇಟನ್ನು ಪಡಸಾಲೆಯಲ್ಲಿ ಇಟ್ಟು, ಮರಿಯನ್ನು ಒಳಗೆ ಬಿಟ್ಟು, ಕೊಕ್ಕೆ ಹಾಕಿದೆ. ದೀಪ ಆರಿಸಿದ್ದೇ ತಡ ಶುರುವಾಯಿತು...

ನಮ್ಮವರು, ಅಂದರೆ ನನ್ನ ಗಂಡ ತಿಪ್ಪೇಶಿ, ಅಷ್ಟರಲ್ಲಿ ಫೋನಿನಲ್ಲಿ ನಾಯಿ ಸಾಕುವವರ ವಿಡಿಯೋ ನೋಡಿ ಪಂಡಿತರಾಗಿದ್ದರು.

"ಅತ್ತ ಕೂಡ್ಲೇ ಎತ್ಕೋಬಾರ್ದಂತೆ ಕಣೇ. ಎತ್ಕೊಂಡ್ರೆ ಅದೇ ಚಾಳಿ ಆಗ್ತೈತಂತೆ. ಸ್ವಲ್ಪ ಹೊತ್ತಿಗೆ ಅದೇ ಸುಮ್ನಾಗ್ತೈತೆ."

"ಅದು ಸುಮ್ನಾಗೋದ್ರೊಳಗೆ ನಿಮ್ಮ ತಂಗಿ ಬಿಪಿ ಮಾಳಿಗೆ ಹತ್ತೈತೆ, ಸುಮ್ನಿರ್ರೀ" ಅಂದೆ.

ಕ್ರೇಟಿನ ಮೇಲೆ ಬಟ್ಟೆ ಹೊದಿಸಿದೆ. ಬಿಸಿನೀರು ತುಂಬಿದ ಬಾಟಲಿಗೆ ಟವೆಲ್ ಸುತ್ತಿ ಒಳಗಿಟ್ಟೆ. ಹಿತ್ತಲಿಗೆ ಕರೆದುಕೊಂಡು ಹೋಗಿ ಉಚ್ಚೆ ಮಾಡಿಸಿ ತಂದೆ. ಸಂದಿಯಿಂದ ಬೆರಳು ತೂರಿಸಿದರೆ ಸುಮ್ಮನಾಗುತ್ತಿತ್ತು, ತೆಗೆದರೆ ಮತ್ತೆ ಅದೇ ರಾಗ. ಗೌರಿ ಗೋಡೆಗೊರಗಿ ಎದ್ದು ಕೂತೇ ಬೆಳಕು ಹರಿಸಿದಳು.

ಬೆಳಿಗ್ಗೆ ನಮ್ಮ ಓಣಿಯ ನರ್ಸಮ್ಮ ಬಂದು ಬಿಪಿ ನೋಡಿದರು. ಮುಖ ಸಣ್ಣದು ಮಾಡಿಕೊಂಡು ನನ್ನನ್ನು ಹೊರಗೆ ಕರೆದರು. "ಬಾಳ ಜಾಸ್ತಿ ಐತೆ ಶಾರದಾ. ನಾಳೆ ಬೆಳಿಗ್ಗೆನೂ ಹಿಂಗೇ ಇದ್ರೆ ತಡ ಮಾಡಂಗಿಲ್ಲ, ದುರ್ಗದ ಜಿಲ್ಲಾ ಆಸ್ಪತ್ರೆಗೆ ಸೇರಿಸ್ಬೇಕು. ಹೋದ ಸಲನೂ ಹಿಂಗೇ ಶುರುವಾಗಿದ್ದು, ಗೊತ್ತಲ್ಲ?"

ಗೊತ್ತಿರದೆ ಏನು.

ಅತ್ತೆ ಮರಿಯನ್ನು ಆಗಲೇ ಚೀಲಕ್ಕೆ ಹಾಕಲು ಹೊರಟಿದ್ದರು. ಗೌರಿಯ ಕಣ್ಣಲ್ಲಿ ನೀರು ಸುಮ್ಮನೆ ಇಳಿಯುತ್ತಿತ್ತು. ಮರಿಯನ್ನು ಕಳಿಸಿದರೂ ಅವಳು ಮಲಗುವುದಿಲ್ಲ, ಇಟ್ಟುಕೊಂಡರೂ ಮಲಗುವುದಿಲ್ಲ ಅನ್ನುವುದು ನನಗೆ ಸ್ಪಷ್ಟವಾಯಿತು.

"ಅತ್ತೆ, ಇವತ್ತೊಂದು ರಾತ್ರಿ ನನಗೆ ಬಿಡ್ರಿ. ಒಂದು ಸದ್ದು ಬಂದ್ರೆ ನಾಳೆ ನಾನೇ ಇದನ್ನ ಎತ್ಕೊಂಡು ಬಸ್ಸಿಗೆ ಹೋಗ್ತೀನಿ" ಅಂದೆ.

ಉಪಾಯ ಹೊಳೆದದ್ದು ಸಂಜೆ, ಪಡಸಾಲೆಯಲ್ಲಿ ಕಸ ಗುಡಿಸುತ್ತ ತಲೆ ಎತ್ತಿದಾಗ. ನಡುತೊಲೆಯಲ್ಲಿ ಒಂದು ಹಳೇ ಕಬ್ಬಿಣದ ಕೊಂಡಿ ಇದೆ. ಈ ಮನೆಯ ಮಕ್ಕಳ ತೊಟ್ಟಿಲನ್ನೆಲ್ಲ ಅದಕ್ಕೇ ಕಟ್ಟಿದ್ದು. ನಮ್ಮವರು, ಗೌರಿ, ಕೊನೆಗೆ ನನ್ನ ಮಗ. ಅವನೀಗ ಚಳ್ಳಕೆರೆಯಲ್ಲಿ ನನ್ನ ತವರಿನಲ್ಲಿದ್ದು ಓದುತ್ತಾನೆ. ಅವನು ಎಂಥ ಹಟಮಾರಿ ಕೂಸಾದರೂ, ನಾನು ಚಾಪೆಯ ಮೇಲೆ ಮಲಗಿಕೊಂಡೇ ಹಗ್ಗ ಎಳೆದು ತೂಗಿದರೆ ಮಲಗುತ್ತಿದ್ದ.

ಕೂಸಿಗೆ ಆಗುವುದು ಮರಿಗೆ ಯಾಕೆ ಆಗಬಾರದು? ಕ್ರೇಟಿನ ನಾಲ್ಕು ಮೂಲೆಗೆ ಹಗ್ಗ ಕಟ್ಟಿ, ಮೊಣಕಾಲೆತ್ತರಕ್ಕೆ ಇಳಿಬಿಟ್ಟು, ಕೊಂಡಿಗೆ ಬಿಗಿದೆ. ಎಳೆಯಲು ಇನ್ನೊಂದು ಉದ್ದ ಹಗ್ಗ. ಮೇಲೆ ದಪ್ಪ ಕಂಬಳಿ ಹೊದಿಸಿದೆ.

ಅತ್ತೆ ನೋಡಿ ನಿಂತಲ್ಲೇ ನಿಂತರು.

"ಆ ಕೊಂಡಿಗ್ಯಾಕೆ ಕಟ್ಟಿದ್ಯೇ?"

"ಮರಿ ಮಲಗ್ಲಿ ಅಂತ."

ಅತ್ತೆ ತಲೆ ಎತ್ತಿ ಆ ಕೊಂಡಿಯನ್ನೇ ನೋಡಿದರು. ಆಮೇಲೆ ಹತ್ತಿರ ಬಂದು, ಗೌರಿಗೆ ಕೇಳದ ಹಾಗೆ ಪಿಸುದನಿಯಲ್ಲಿ, "ತೂಗು. ಆದ್ರೆ ಬರಿದು ಮಾತ್ರ ತೂಗಬ್ಯಾಡ. ಮರಿ ಹೊರಗೆ ತೆಗೆದೆ ಅಂದ್ರೆ ಒಂದು ಗುಂಡುಕಲ್ಲಾದ್ರೂ ಇಡು" ಅಂದರು.

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತು. ಬರಿದು ತೊಟ್ಟಿಲು ತೂಗಬಾರದು. ಹೆಸರಿಡುವ ದಿನವೂ ಕೂಸಿಗಿಂತ ಮೊದಲು ಒರಳಿನ ಗುಂಡುಕಲ್ಲನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಬಟ್ಟೆ ಸುತ್ತಿ ತೊಟ್ಟಿಲಲ್ಲಿ ಮಲಗಿಸುತ್ತಾರೆ. ಬರಿದು ತೂಗಿದರೆ ಕೂಸಿಗೆ ಒಳ್ಳೆಯದಲ್ಲ ಅಂತ ಭಯ. ಬಸುರಿ ಇರುವ ಮನೆಯಲ್ಲಂತೂ ಕೇಳುವುದೇ ಬೇಡ.

ನನಗೆ ನಗು ಬಂತು. "ಅತ್ತೆ, ಇದು ತೊಟ್ಟಿಲಲ್ರೀ, ಟೊಮ್ಯಾಟೊ ಕ್ರೇಟು!"

ಅತ್ತೆ ನಗಲಿಲ್ಲ. "ಕೊಂಡಿ ಅದೇ ಅಲ್ವೇನೆ" ಅಂದು ಹೊರಟುಹೋದರು.

ಆ ರಾತ್ರಿ ಬ್ರಹ್ಮಗಿರಿ ಗುಡ್ಡದ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ಮರಿಗೆ ಸಂಜೆಯೇ ಹಾಲನ್ನ ತಿನ್ನಿಸಿ, ಹಿತ್ತಲಲ್ಲಿ ಚೆನ್ನಾಗಿ ಆಡಿಸಿ ದಣಿಸಿ, ಕ್ರೇಟಿನಲ್ಲಿ ಬಿಟ್ಟೆ. ಪಕ್ಕದಲ್ಲೇ ಚಾಪೆ ಹಾಸಿಕೊಂಡು ಹಗ್ಗ ಎಳೆದೆ. ಕೊಂಡಿ ಸದ್ದು ಮಾಡಿತು.

ಕಿರ್ರ್... ಕಿರ್ರ್...

ಒಂದೆರಡು ಸಲ ಕುಂಯ್ ಅಂತು. ಆಮೇಲೆ ಇಲ್ಲ! ಮುಂದಿನ ಕೋಣೆಯಲ್ಲಿ ನಮ್ಮವರು ಮಗ್ಗದ ಮೇಲೆ ಇದ್ದರು, ಗೌರಿಗೆ ಹುಟ್ಟಿನಿಂದ ರೂಢಿಯಾದ ಆ ಸದ್ದು ಒಂದು ಕಡೆ, ಕೊಂಡಿಯ ಸದ್ದು ಒಂದು ಕಡೆ. ಒಳಗಿನ ಕೋಣೆಯಿಂದ ಗೌರಿಯ ಉಸಿರು ನಿಧಾನವಾಗಿ ಕೇಳತೊಡಗಿತು. ಅವಳು ಮಲಗಿದ್ದಳು. ನನಗಾದ ಖುಷಿ ಹೇಳತೀರದು. ಬೆಳಿಗ್ಗೆ ಅತ್ತೆಯ ಮುಂದೆ ಹೇಗೆ ಮೆರೆಯಬೇಕು ಅಂತ ಲೆಕ್ಕ ಹಾಕುತ್ತಲೇ ಕಣ್ಣು ಮುಚ್ಚಿದೆ.

ಎಚ್ಚರವಾದಾಗ ಕಗ್ಗತ್ತಲು. ಕರೆಂಟು ಹೋಗಿತ್ತು. ಮಗ್ಗದ ಸದ್ದೂ ನಿಂತಿತ್ತು. ಹಗ್ಗ ಇನ್ನೂ ನನ್ನ ಬೆರಳಿಗೆ ಸುತ್ತಿಕೊಂಡಿತ್ತು.

ಅಯ್ಯೋ, ಮಲಗಿಬಿಟ್ಟೆನಲ್ಲ ಅಂತ ಗಾಬರಿಯಾಗಿ ಮತ್ತೆ ತೂಗತೊಡಗಿದೆ.

ಕಿರ್ರ್... ಕಿರ್ರ್...

ಹಗ್ಗ ಭಾರ ಅನ್ನಿಸಿತು. ಸಂಜೆಗಿಂತ ಭಾರ. ನಿದ್ದೆಗಣ್ಣು, ತೋಳಿನಲ್ಲಿ ಶಕ್ತಿ ಇಲ್ಲ ಅಂದುಕೊಂಡೆ.

ಕಂಬಳಿಯ ಒಳಗಿಂದ ಸಣ್ಣ ಸದ್ದು. ಚಪ್... ಚಪ್... ಏನನ್ನೋ ಚೀಪುವ ಸದ್ದು. ಮರಿ ಕನಸಿನಲ್ಲಿ ತಾಯಿಯ ಹಾಲು ಕುಡಿಯುತ್ತಿದೆ, ಪಾಪ, ಅಂತ ಕರುಳು ಚುರುಕ್ ಅಂದಿತು. "ಮಲಿಕ್ಕೋ ಶೇಂಗಾ... ಮಲಿಕ್ಕೋ..." ಅಂದೆ.

ಚೀಪುವುದು ನಿಂತಿತು. ಕೇಳಿಸಿಕೊಂಡ ಹಾಗೆ.

ಆಮೇಲೆ ಒಂದು ಬಿಕ್ಕಳಿಕೆ. ಇನ್ನೊಂದು...

ಅಷ್ಟು ಹೊತ್ತಿಗೆ ಆ ವಾಸನೆ ಬಂತು. ಮೊದಲು ಗೊತ್ತಾಗಲಿಲ್ಲ. ನಾಯಿಯದ್ದಲ್ಲ, ಕುರಿಯದ್ದಲ್ಲ. ಬಜೆ ತೇಯ್ದ ವಾಸನೆ. ಹರಳೆಣ್ಣೆ, ಸಾಂಬ್ರಾಣಿ ಹೊಗೆ, ಅದರಡಿಯಲ್ಲಿ ಎಳೆಗೂಸಿನ ನೆತ್ತಿಯ ಆ ಹುಳಿಹಾಲಿನ ವಾಸನೆ. ಹಡೆದವರು ಯಾರೂ ಅದನ್ನು ಮರೆಯುವುದಿಲ್ಲ. ನಮ್ಮ ಮನೆಯಲ್ಲಿ ಆಗ ಬಜೆಯ ತುಂಡು ಕೂಡ ಇರಲಿಲ್ಲ. ಹೆರಿಗೆಗೆ ಮೊದಲು ಅದನ್ನು ತರಬಾರದು ಅಂತ ಅತ್ತೆ ಬಿಟ್ಟಿರಲಿಲ್ಲ.

ಪಕ್ಕದ ಮನೆಯಲ್ಲಿ ಬಾಣಂತಿ ಇದ್ದಾಳೇನೋ ಅಂತ ಯೋಚಿಸಿದೆ. ಇಲ್ಲ. ಆಚೆ ಓಣಿಯಲ್ಲೂ ಇಲ್ಲ.

ತೋಳು ಸೋತಿತು. ಒಂದು ಗಳಿಗೆ ಎಳೆಯುವುದನ್ನು ನಿಲ್ಲಿಸಿದೆ.

ಕಿರ್ರ್... ಕಿರ್ರ್...

ಕ್ರೇಟು ನಿಲ್ಲಲಿಲ್ಲ. ಎಳೆದ ವೇಗಕ್ಕೆ ಇನ್ನೂ ತೂಗುತ್ತಿದೆ ಅಂತ ಸುಮ್ಮನಿದ್ದೆ. ಅದು ನಿಧಾನವಾಯಿತು. ಇನ್ನೇನು ನಿಂತಿತು... ಅನ್ನುವಾಗ ನನ್ನ ಬೆರಳಿಗೆ ಸುತ್ತಿದ್ದ ಹಗ್ಗ ಮೆಲ್ಲಗೆ ಬಿಗಿಯಾಯಿತು. ಆ ಕಡೆಯಿಂದ ಯಾರೋ ಎಳೆದ ಹಾಗೆ. ಮತ್ತೆ ಸಡಿಲ. ಮತ್ತೊಂದು ಸಲ ಬಿಗಿ.

ಮಕ್ಕಳು ಹಾಗೆ ಮಾಡುತ್ತವೆ. ತೂಗುವುದು ನಿಲ್ಲಿಸಿದರೆ ಒಳಗೇ ಕಾಲು ಒದೆಯುತ್ತವೆ, ತೂಗು ಅಂತ.

ನಾಯಿಮರಿ ಅಲ್ವಾ, ಹೊರಳಾಡುತ್ತಿದೆ, ಅಂತ ಮನಸ್ಸಿನಲ್ಲೇ ನನಗೆ ನಾನೇ ಒತ್ತಿ ಹೇಳಿಕೊಂಡೆ. ಹಾಗೆ ಹೇಳಿಕೊಂಡ ಆ ಹೊತ್ತಿಗೇ ಕೇಳಿಸಿತು.

"ಕುಂಯ್..."

ಕ್ರೇಟಿನಿಂದಲ್ಲ.

ಮುಂದಿನ ಕೋಣೆಯಿಂದ. ಮಗ್ಗದ ಕಡೆಯಿಂದ. ಅದರ ಹಿಂದೆಯೇ ನಮ್ಮವರ ನಿದ್ದೆಗಣ್ಣಿನ ಪಿಸುದನಿ. "ಸುಮ್ನೆ ಮಲಿಕ್ಕಳೋ ಶೇಂಗಾ... ಗೌರಕ್ಕ ಎದ್ದಾಳು..."

ನನ್ನ ಮೈ ತಣ್ಣಗಾಯಿತು. ತಣ್ಣಗಾಯಿತು ಅಂದರೆ ಬಾಯಿಮಾತಿಗಲ್ಲ. ಕಾಲ ಬೆರಳಿನಿಂದ ಚಳಿ ಮೇಲಕ್ಕೆ ಹತ್ತುತ್ತಿರುವುದು ಗೊತ್ತಾಗುತ್ತಿತ್ತು.

ಮರಿ ಅಲ್ಲಿದೆ. ಹಾಗಾದರೆ ಇಲ್ಲಿ?

ಹಗ್ಗ ಮತ್ತೆ ಬಿಗಿಯಾಯಿತು. ಈ ಸಲ ಸ್ವಲ್ಪ ಜೋರಾಗಿ. ಕಂಬಳಿಯ ಕೆಳಗೆ ಉಸಿರು ಎಳೆದುಕೊಂಡ ಸದ್ದು... ಅಳುವುದಕ್ಕೆ ಮುಂಚೆ ಕೂಸು ಬಾಯಿ ಸೊಟ್ಟ ಮಾಡಿ ಉಸಿರು ಎಳೆದುಕೊಳ್ಳುತ್ತದಲ್ಲ, ಅದು.

ನೀವು ಹೇಳಬಹುದು, ಹಗ್ಗ ಬಿಸಾಕಿ ಓಡಬೇಕಿತ್ತು ಅಂತ. ನನಗೂ ಅದೇ ಆಸೆ ಇತ್ತು. ಆದರೆ ಅದು ಅತ್ತರೆ? ಗೋಡೆಯ ಆಚೆ ಗೌರಿ ಮಲಗಿದ್ದಾಳೆ. ನಾಯಿಮರಿಯ ಅಳು ಕೇಳಿದರೆ ಬಿಪಿ ಏರುತ್ತದೆ. ಈ ಅಳು ಅವಳ ಕಿವಿಗೆ ಬಿದ್ದರೆ ಏನಾಗುತ್ತದೆ? ಯಾರ ಅಳು ಅಂದುಕೊಂಡು ಎದ್ದು ಬರುತ್ತಾಳೆ?

ತೂಗಿದೆ. ಹಲ್ಲು ಕಡಿದುಕೊಂಡು, ಕಣ್ಣು ಮುಚ್ಚಿಕೊಂಡು ತೂಗಿದೆ. ತೂಗಿದರೆ ಒಳಗೆ ಶಾಂತ. ಕೈ ತಡವಾದರೆ ಹಗ್ಗ ಬಿಗಿ. ಬರಿದು ತೂಗಬ್ಯಾಡ ಅಂದಿದ್ದರು ಅತ್ತೆ. ನಾನು ಬರಿದು ತೂಗುತ್ತಿದ್ದೇನೋ, ಬರಿದಲ್ಲದ್ದನ್ನು ತೂಗುತ್ತಿದ್ದೇನೋ... ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಅಂತ ತಿಳಿಯದೆ ತೂಗುತ್ತಲೇ ಇದ್ದೆ. ಅಳು ಬರುತ್ತಿತ್ತು, ಅಳುವಂತಿಲ್ಲ.

ಎಷ್ಟು ಹೊತ್ತೋ. ಒಳಗಿನ ಕೋಣೆಯ ಬಾಗಿಲು ಸರಿಯಿತು. ಬಳೆಯ ಸದ್ದಿನಿಂದ ಅತ್ತೆ ಅಂತ ಗೊತ್ತಾಯಿತು.

"ಇನ್ನೂ ಮಲಗಿಲ್ವೇನೆ ಅದು?" ಪಿಸುದನಿ.

"ಅತ್ತೆ..." ಅವರ ಸೀರೆಯ ನೆರಿಗೆ ಹಿಡಿದುಕೊಂಡೆ. "ಮರಿ... ಇದರಾಗೆ ಇಲ್ಲ. ಅವರ ಹತ್ರ ಐತೆ."

ಅತ್ತೆ ನಿಂತರು. ಮೂಗಿನಿಂದ ಗಾಳಿ ಎಳೆದುಕೊಂಡದ್ದು ಕೇಳಿಸಿತು. ಒಂದು ಸಲ. ಇನ್ನೊಂದು ಸಲ, ದೀರ್ಘವಾಗಿ. ಬಜೆಯ ವಾಸನೆ ಅವರಿಗೂ ಬಂದಿತ್ತು.

ಕೂಗಿಕೊಳ್ಳುತ್ತಾರೆ ಅಂದುಕೊಂಡೆ. ಇಲ್ಲ. ಚಾಪೆಯ ಮೇಲೆ ನನ್ನ ಪಕ್ಕದಲ್ಲಿ ಮೆಲ್ಲಗೆ ಕೂತರು. ಕತ್ತಲಲ್ಲಿ ತಡಕಾಡಿ ನನ್ನ ಬೆರಳಿನಿಂದ ಹಗ್ಗ ಬಿಡಿಸಿಕೊಂಡರು.

"ಅತ್ತೆ, ಬ್ಯಾಡ್ರಿ..."

"ನೀನು ಸುಮ್ನಿರು."

ಕಿರ್ರ್... ಕಿರ್ರ್...

ಸದ್ದೇ ಬೇರೆಯಾಯಿತು. ಎರಡು ಮಕ್ಕಳನ್ನು ಅದೇ ಕೊಂಡಿಯಲ್ಲಿ ತೂಗಿದ ಕೈ ಅದು. ಬಾಯಿ ಮುಚ್ಚಿಕೊಂಡೇ ಜೋ... ಜೋ... ಅಂತ ಗುನುಗತೊಡಗಿದರು. ನಡುವೆ ತೆಲುಗಿನಲ್ಲಿ "ಪಡುಕೋ ನಾಯನಾ... ಪಡುಕೋ..." ಅಂದರು. ಮಲಗಪ್ಪಾ, ಮಲಗು, ಅಂತ. ಆಮೇಲೆ ಅವರು ಅಂದದ್ದು ನನ್ನ ಎದೆಯಲ್ಲಿ ಇನ್ನೂ ಹಾಗೇ ಇದೆ.

"ನಿನ್ನ ಯಾರೂ ತೂಗ್ಲೇ ಇಲ್ಲ ಅಲ್ವೇನೋ ಕಂದ..."

ನಾನು ಬಾಯಿಗೆ ಸೆರಗು ತುರುಕಿಕೊಂಡೆ.

ಕೋಳಿ ಕೂಗುವ ಹೊತ್ತಿಗೆ ಅತ್ತೆ, "ಹೋಗಿ ಗುಂಡುಕಲ್ಲು ತಗೊಂಡು ಬಾ" ಅಂದರು. ಮಿಕ್ಸಿ ಬಂದ ಮೇಲೆ ಅದು ಅಡುಗೆಮನೆಯ ಮೂಲೆಯಲ್ಲಿ ಬಿದ್ದಿತ್ತು. ಮಂಜಿನಂತೆ ತಣ್ಣಗಿದ್ದ ಕಲ್ಲನ್ನು ಎದೆಗೆ ಅವಚಿಕೊಂಡು ತಂದೆ. ಅತ್ತೆ ಅದಕ್ಕೆ ತಮ್ಮ ಸೆರಗಿನ ತುದಿ ಹರಿದು ಸುತ್ತಿ, ಕಂಬಳಿಯನ್ನು ಎತ್ತದೆ, ಕೆಳಗಿನಿಂದ ಕೈ ತೂರಿಸಿ, ಕೊಕ್ಕೆ ತೆಗೆದು ಕಲ್ಲನ್ನು ಒಳಗಿಟ್ಟರು. ಆಗ ಅವರ ಕೈ ಅಲ್ಲೇ ಒಂದು ಗಳಿಗೆ ನಿಂತಿತು. ಏನನ್ನು ಮುಟ್ಟಿದರೋ, ನಾನು ಇವತ್ತಿನವರೆಗೂ ಕೇಳಿಲ್ಲ.

"ಹೋಗಿ ಬಾ" ಅಂದರು. ನನಗಲ್ಲ.

ಕೊಂಡಿಯ ಸದ್ದು ನಿಂತಿತು.

ಬೆಳಕಾದ ಮೇಲೆ ನಮ್ಮವರು ಮರಿಯನ್ನು ಎತ್ತಿಕೊಂಡು ಬಂದರು. "ನೀನು ಗೊರಕೆ ಹೊಡೀತಿದ್ದೆ. ಇದು ಕುಂಯ್ ಅಂತು. ಹಿತ್ತಲಿಗೆ ಕರ್ಕೊಂಡು ಹೋಗಿ ಬಂದು ನನ್ನ ಹತ್ರನೇ ಮಲಗಿಸ್ಕೊಂಡೆ. ಕೊಕ್ಕೆ ಹಾಕಿ ಕಂಬಳಿ ಮುಚ್ಚಿಟ್ಟಿದ್ದೆ, ನೋಡ್ಲಿಲ್ವಾ?" ಅಂದರು, ಏನೋ ಘನಕಾರ್ಯ ಮಾಡಿದವರ ಹಾಗೆ.

ಮರಿಯನ್ನು ಕ್ರೇಟಿನ ಹತ್ತಿರ ಬಿಟ್ಟರೆ ಒಳಗೆ ಹೋಗಲಿಲ್ಲ. ಹೆದರಿದ ಹಾಗೂ ಕಾಣಲಿಲ್ಲ. ಒಳಗಿನ ಕಂಬಳಿಯನ್ನು ಮೂಸಿ, ಬಾಲ ಆಡಿಸಿ, ಹೊರಗೇ ಕೂತುಕೊಂಡಿತು. ಒಳಗೆ ಬೇರೆ ಯಾರಿಗೋ ಜಾಗ ಬಿಟ್ಟುಕೊಟ್ಟ ಹಾಗೆ...

ಅಷ್ಟರಲ್ಲಿ ಗೌರಿ ಎದ್ದು ಬಂದಳು. ಮುಖ ತಿಳಿಯಾಗಿತ್ತು. "ಅತ್ತಿಗೆ, ಎಷ್ಟು ದಿನ ಆಗಿತ್ತೋ ಇಂಥ ನಿದ್ದೆ ಬಂದು! ಅವ್ವ ಜೋಗುಳ ಹಾಡ್ತಿದ್ಲಲ್ಲ, ಕೇಳ್ತಾ ಕೇಳ್ತಾ ಹಂಗೇ ಮಲಗ್ಬಿಟ್ಟೆ. ಯಾರಿಗವ್ವ ಹಾಡ್ತಿದ್ದೆ?"

ನಾನು ಅತ್ತೆಯ ಮುಖ ನೋಡಿದೆ.

"ಇನ್ಯಾರಿಗೆ? ನಿನ್ನ ನಾಯಿಮರಿಗೆ" ಅಂದರು ಅತ್ತೆ, ಒಲೆಯ ಕಡೆ ತಿರುಗಿಕೊಂಡು.

ನರ್ಸಮ್ಮ ಬಂದು ಬಿಪಿ ನೋಡಿ, ಮಿಷನ್ ಕೆಟ್ಟಿದೆಯೇನೋ ಅಂತ ಇನ್ನೊಂದು ಸಲ ನೋಡಿದರು. ಇಳಿದಿತ್ತು. ದುರ್ಗಕ್ಕೆ ಹೋಗುವ ಮಾತು ಅಲ್ಲಿಗೇ ನಿಂತಿತು.

ಅವತ್ತೇ ಹಗ್ಗ ಬಿಚ್ಚಿ ಆ ಕ್ರೇಟನ್ನು ತಮ್ಮನಿಗೆ ವಾಪಸ್ ಕಳಿಸಿದೆ. ಶೇಂಗಾಕ್ಕೆ ಬೇರೆ ಕ್ರೇಟು ತರಿಸಿ, ನೆಲದ ಮೇಲೆ, ನನ್ನ ತಲೆದಿಂಬಿನ ಪಕ್ಕದಲ್ಲೇ ಇಟ್ಟೆ. ಮೂರನೆಯ ರಾತ್ರಿಯಿಂದ ಅದು ಒಂದು ಸದ್ದೂ ಮಾಡಲಿಲ್ಲ. ಯಾಕೆ ಅಂತ ನಾನು ತಲೆ ಕೆಡಿಸಿಕೊಳ್ಳಲು ಹೋಗಲಿಲ್ಲ.

ಗೌರಿಗೆ ದಿನ ತುಂಬಿ ಹೆಣ್ಣು ಕೂಸು ಹುಟ್ಟಿತು. ಗುಂಡುಗುಂಡಗೆ, ಮನೆ ಹಾರಿಹೋಗುವ ಹಾಗೆ ಅಳುವ ಕೂಸು. ಹೆಸರಿಡುವ ದಿನ ಅದೇ ಕೊಂಡಿಗೆ ತೊಟ್ಟಿಲು ಕಟ್ಟಿ, ಮೊದಲು ಗುಂಡುಕಲ್ಲು ಮಲಗಿಸಿದರು. ಹೆಂಗಸರೆಲ್ಲ ಹಾಡಿನ ಗಡಿಬಿಡಿಯಲ್ಲಿದ್ದಾಗ ಅತ್ತೆ ತೊಟ್ಟಿಲೊಳಗೆ ಬಗ್ಗಿ ಏನೋ ಪಿಸುಗುಟ್ಟಿದರು. ಕೂಸು ಇನ್ನೂ ಗೌರಿಯ ಮಡಿಲಲ್ಲೇ ಇತ್ತು. ತೊಟ್ಟಿಲಲ್ಲಿ ಇದ್ದದ್ದು ಕಲ್ಲು ಮಾತ್ರ.

ಆಮೇಲೆ ಅಡುಗೆಮನೆಯಲ್ಲಿ ಕೇಳಿದೆ. "ಕಲ್ಲಿಗೆ ಏನಂದ್ರಿ ಅತ್ತೆ?"

"ಹೆಸರು" ಅಂದರು. ಕಣ್ಣು ಕೆಂಪಾಗಿದ್ದವು. "ಅದಕ್ಕೂ ಒಂದು ಹೆಸರು ಬ್ಯಾಡವೇನೆ?"

ನನ್ನ ಕಿವಿಯಲ್ಲೂ ಒಂದು ಸಲ ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಈಗ ಗೌರಿ ಕೂಸಿನ ಜೊತೆ ರಾಂಪುರದಲ್ಲಿದ್ದಾಳೆ. ತೊಟ್ಟಿಲನ್ನೂ ಒಯ್ದಳು. ಕೊಂಡಿಯಲ್ಲಿ ಒಂದು ಎಳೆ ಹಗ್ಗವೂ ಇಲ್ಲ. ಶೇಂಗಾ ಬೆಳೆದು ನಿಂತಿದೆ, ಬೀದಿಗೆ ಹೊಸಬರು ಬಂದರೆ ಬಿಡುವುದಿಲ್ಲ. ರಾತ್ರಿ ಮಾತ್ರ ಎಲ್ಲಿ ಮಲಗಿಸಿದರೂ ಎದ್ದು ಹೋಗಿ ಆ ಕೊಂಡಿಯ ಕೆಳಗೇ ಮಲಗುತ್ತದೆ.

ಮೊನ್ನೆ ಕರೆಂಟು ಹೋದಾಗ ಎಚ್ಚರವಾಯಿತು. ನಮ್ಮವರು ಸೀರೆ ಕೊಡಲು ಹೋಗಿ ಊರಲ್ಲಿರಲಿಲ್ಲ. ಪಡಸಾಲೆಯಲ್ಲಿ ನಾನೊಬ್ಬಳೇ.

ಕಿರ್ರ್... ಕಿರ್ರ್...

ಶೇಂಗಾ ಬೊಗಳಲಿಲ್ಲ. ಅದರ ಬಾಲ ನೆಲಕ್ಕೆ ಬಡಿಯುತ್ತಿತ್ತು, ಆ ಕೊಂಡಿಯ ಸದ್ದಿಗೆ ಸರಿಯಾಗಿ. ನನಗೆ ಏನು ತೋಚಿತೋ, ಉಸಿರು ಬಿಗಿಹಿಡಿದು ಆ ಹೆಸರನ್ನು ಒಂದು ಸಲ ಮೆಲ್ಲಗೆ ಕರೆದೆ.

ಸದ್ದು ನಿಂತಿತು.

ಶೇಂಗಾ ಎದ್ದು ನನ್ನ ಚಾಪೆಯ ಹತ್ತಿರ ಬಂತು. ನನ್ನನ್ನು ಮೂಸಲಿಲ್ಲ. ನನ್ನ ಪಕ್ಕದ ಖಾಲಿ ಜಾಗಕ್ಕೆ ಮೂಗು ಹಚ್ಚಿ, ಬಾಲ ಆಡಿಸಿ, ಅಲ್ಲೇ ಅಂಚಿಗೆ ಮೈ ಮುದುಡಿಕೊಂಡು ಮಲಗಿತು. ಬಜೆಯ ವಾಸನೆ ಮೆಲ್ಲಗೆ ಹರಡಿಕೊಂಡಿತು...

ಬೆಳಗಾಗುವ ತನಕ ನಾನು ಆ ಕಡೆಗೆ ಮಗ್ಗುಲು ಬದಲಿಸಲಿಲ್ಲ. ಕಣ್ಣೂ ಬಿಡಲಿಲ್ಲ. ನಾನು ಹೊದ್ದಿದ್ದ ಕಂಬಳಿಯನ್ನು ಮಾತ್ರ ಸ್ವಲ್ಪ ಆ ಕಡೆಗೂ ಎಳೆದು ಹೊದಿಸಿದೆ.